ದಯಾಮಣಿಬಾಯಿಯ ನೂರು ಪುಟದ ನೋಟ್‌ಬುಕ್

ಒಣಶುಂಠಿ, ಬೆಲ್ಲ ಹಾಕಿ ಕುದಿಸಿದ ನುಚ್ಚಿನ ಗಂಜಿಯ ವಾಸನೆ... ನನ್ನ ಬಾಲ್ಯದ ಶುಕ್ರವಾರಗಳ ವಾಸನೆ ಅದು.

ಅವ್ವನ ಜೊತೆ ಚರ್ಚಿನವರ ಉಪವಾಸ ಪ್ರಾರ್ಥನೆಗೆ ಹೋಗುತ್ತಿದ್ದೆ. ಹೆಂಗಸರು ಮಧ್ಯಾಹ್ನದವರೆಗೆ ಏನೂ ತಿನ್ನದೆ ಪ್ರಾರ್ಥಿಸಿ, ಕೊನೆಗೆ ಒಟ್ಟಿಗೆ ಕೂತು ಆ ಗಂಜಿ ಕುಡಿಯುತ್ತಿದ್ದರು. ನಾನು ಮಾತ್ರ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಪಾತ್ರೆಯ ಮೇಲೆ ಇಟ್ಟಿರುತ್ತಿದ್ದೆ!

ಈಗ ನನಗೆ ಎಪ್ಪತ್ತೊಂದು. ಶುಕ್ರವಾರದ ಉಪವಾಸ ಇನ್ನೂ ಬಿಟ್ಟಿಲ್ಲ. ಗದಗ ಕಡೆಯ ನಮ್ಮ ಸಣ್ಣ ಊರಿನಲ್ಲಿ ಪ್ರಾರ್ಥನೆ ನಡೆಯುವುದು ದಯಾಮಣಿಬಾಯಿಯ ಮನೆಯಲ್ಲಿ. ಅವರು ಸರ್ಕಾರಿ ಆಸ್ಪತ್ರೆಯ ಆಯಾ.

ಹೋದ ವರ್ಷ ಒಂದು ಶುಕ್ರವಾರ... ನಾವು ಏಳು ಹೆಂಗಸರು ಮೊಣಕಾಲೂರಿದ್ದೆವು. ಹೊರಗೆ ಕೂಗಾಟ ಕೇಳಿತು. ಬಾಗಿಲು ದಬ್ಬಿಕೊಂಡು ಹತ್ತು ಹನ್ನೆರಡು ಮಂದಿ ಒಳಗೆ ಬಂದರು.

ಮುಂದೆ ಇದ್ದವನು ಫಕೀರೇಶ. ಅದೇ ಓಣಿಯವನು. ಹಾರ್ಮೋನಿಯಂ ಅಂಗಳಕ್ಕೆ ಬಿತ್ತು... ಹಾಡಿನ ಪುಸ್ತಕಗಳು ಕಾಲಡಿಗೆ ಸಿಕ್ಕವು.

"ಮಂದೀನ ಮತಾಂತರ ಮಾಡ್ತೀರೇನ್ರಿ?" ಎನ್ನುತ್ತಾ ಅವನು ದಯಾಮಣಿಬಾಯಿಯ ಕೈಯಿಂದ ಒಂದು ನೋಟ್‌ಬುಕ್ ಕಸಿದುಕೊಂಡ.

ಪೊಲೀಸರು ಬಂದು ಅವನನ್ನೂ ದಯಾಮಣಿಬಾಯಿಯನ್ನೂ ಠಾಣೆಗೆ ಕರೆದೊಯ್ದರು. ಅವರು ಒಬ್ಬರೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೋದೆ.

ಶಾಲೆ ಮಕ್ಕಳು ಬರೆಯುವಂಥ ನೂರು ಪುಟದ ನೋಟ್‌ಬುಕ್ ಅದು. ಒಳಗೆ ಬರೀ ಹೆಸರುಗಳು... ಎಲ್ಲ ಜಾತಿ, ಎಲ್ಲ ಧರ್ಮದವರದು. ಕೆಲವು ಹೆಸರುಗಳ ಮುಂದೆ ಟಿಕ್ ಗುರುತು.

"ನೋಡ್ರಿ ಸಾಹೇಬ್ರ, ಟಿಕ್ ಹಾಕಿದವ್ರೆಲ್ಲ ಮತಾಂತರ ಆದವ್ರು. ಉಳದವ್ರದು ನಡದೈತಿ!" ಎಂದ ಫಕೀರೇಶ.

ಎಸ್‌ಐ ಸಾಹೇಬರು ದಯಾಮಣಿಬಾಯಿಯ ಕಡೆ ತಿರುಗಿದರು. "ಏನಿದು ಬಾಯಾರ?"

"ಪ್ರಾರ್ಥನೆ ಮಾಡಾಕ ಬರಕೊಂಡ ಹೆಸರ್ರಿ. ಆಸ್ಪತ್ರ್ಯಾಗ ಮಂದಿ ತಮ್ಮ ಕಷ್ಟ ಹೇಳ್ಕೋತಾರ. ದೇವ್ರು ಕೇಳಿದ್ರ ಟಿಕ್ ಹಾಕ್ತೀನಿ."

"ಹಂಗಾದ್ರ ಯಾರದು ಯಾವ ಕಷ್ಟ, ಹೇಳಿಬಿಡ್ರಿ. ಖರೇ ಅನಿಸಿದ್ರ ಈಗ ಮನಿಗೆ ಕಳಸ್ತೀನಿ. ಇಲ್ಲಾಂದ್ರ ಕೇಸ್ ಆಕ್ಕೈತಿ... ನಿಮ್ಮ ನೌಕರಿನೂ ಹೋಗ್ತೈತಿ."

"ಅದೊಂದು ಕೇಳಬ್ಯಾಡ್ರಿ. ನನ್ನ ಕಿವ್ಯಾಗ ಹೇಳಿದ್ದನ್ನ ಠಾಣೆದಾಗ ಹೆಂಗ ಒದರ್ಲಿ?"

ಸಾಹೇಬರು ಹೆಸರುಗಳನ್ನು ಓದುತ್ತಾ ಹೋದರು. "ನೀಲವ್ವ, ಬಾವಿ ಓಣಿ..."

ಫಕೀರೇಶ ಚಂಗನೆ ಎದ್ದ. "ಅದು ನಮ್ಮವ್ವ! ನಮ್ಮವ್ವನ್ನೂ ಬಿಟ್ಟಿಲ್ಲ ಈಕಿ!"

ಸಾಹೇಬರು ನೋಟ್‌ಬುಕ್ ಕೆಳಗಿಟ್ಟರು. "ಸರಿ ಬಾಯಾರ, ಈ ಒಂದು ಹೆಸರಿಂದು ಹೇಳ್ರಿ. ಸಾಕು."

ದಯಾಮಣಿಬಾಯಿ ಫಕೀರೇಶನ ಮುಖವನ್ನು ನೋಡಿದರು.

ಆಮೇಲೆ ತಲೆ ತಗ್ಗಿಸಿ, "ಕೇಸ್ ಹಾಕ್ರಿ ಸಾಹೇಬ್ರ" ಅಂದರು.

ಫಕೀರೇಶ ಸಿಟ್ಟಿನಲ್ಲೇ ಫೋನ್ ಮಾಡಿ ತಾಯಿಯನ್ನು ಕರೆದ. ನಾನೂ ದಯಾಮಣಿಬಾಯಿಯೂ ಹೊರಗಿನ ಬೆಂಚಿನ ಮೇಲೆ ಕೂತೆವು. ನನಗೆ ಅಳು ತಡೆಯಲಾಗಲಿಲ್ಲ. ಗಂಡನಿಲ್ಲದ ಹೆಂಗಸು... ಆ ನೌಕರಿಯೂ ಹೋದರೆ?

ಅವರು ನನ್ನ ಕೈ ಹಿಡಿದರು. "ಯಾಕ ಅಳ್ತೀರಿ ಅಕ್ಕಾರ? ಕರ್ತ ಇಲ್ಲೇ ನಮ್ಮ ಜೋಡಿ ಬೆಂಚಿನ ಮ್ಯಾಲೆ ಕುಂತಾನ. ಒಂಚೂರು ಸರೀರಿ, ಆತಗೂ ಜಾಗ ಬೇಕಲ್ಲ!"

ಅಳುತ್ತಲೇ ನಕ್ಕುಬಿಟ್ಟೆ... ನಿಜವಾಗಿಯೂ ಒಂದಿಷ್ಟು ಸರಿದು ಕೂತೆ.

ಮೂರು ಗಂಟೆಗೆ ನೀಲವ್ವ ಬಂದರು. ಎಡಗೈ ಮೊಣಕೈ ಹತ್ತಿರ ಸೊಟ್ಟಗಿತ್ತು. ಸಾಹೇಬರು ನಮ್ಮನ್ನೂ ಒಳಗೆ ಕರೆದರು.

"ನಿನ್ನ ಹೆಸರು ಈಕಿ ಪುಸ್ತಕದಾಗ ಯಾಕ ಬಂತು ಬೇ?" ಎಂದು ಮಗ ಗುಡುಗಿದ.

"ನಾನ ಬರಸೀನಿ" ಎಂದರು ನೀಲವ್ವ. ಸೆರಗು ಸರಿಸಿ ಕೈ ತೋರಿಸಿದರು.

"ಬಚ್ಚಲದಾಗ ಜಾರಿ ಬಿದ್ದೆ ಅಂತ ಓಣಿಗೆಲ್ಲ ಹೇಳೀನಿ. ಕುಡದು ಬಂದು ದಬ್ಬಿದವ ಯಾರು ಅಂತ ಈಕಿಗೊಬ್ಬಾಕಿಗೆ ಹೇಳೀನಿ..."

"ಕೈ ನೆಟ್ಟಗಾಗಲಿ ಅಂತ ಕೇಳಲಿಲ್ಲೋ ಮಗನ. ನೀ ಕುಡಿಯೋದು ಬಿಡಲಿ ಅಂತ ಕೇಳೀನಿ."

ಮೂಲೆಯಲ್ಲಿ ಬರೆಯುತ್ತಿದ್ದ ಪೊಲೀಸಿನವನು ಪೆನ್ನು ಕೆಳಗಿಟ್ಟ.

ಫಕೀರೇಶನ ದನಿ ಇಳಿದುಹೋಗಿತ್ತು. "ನಿಮಗ... ಮುಂಜಾನಿಂದನೂ ಇದು ಗೊತ್ತಿತ್ತೇನ್ರಿ?"

"ಹೂಂನಪ್ಪ."

"ಮತ್ತ ಯಾಕ ಹೇಳಲಿಲ್ಲ? ಒಂದು ಮಾತು ಹೇಳಿದ್ರ ಬಿಟ್ಟು ಕಳಸ್ತಿದ್ರು."

"ನಿಮ್ಮವ್ವ ನಿನ್ನ ಮಾನ ಉಳಿಸಾಕ ಮುಚ್ಚಿಟ್ಟಾಳ. ಆಕಿ ಮುಚ್ಚಿದ್ದನ್ನ ನಾ ಯಾಕ ತೆಗೀಲಿ?"

ಸಾಹೇಬರು ಮೆಲ್ಲಗೆ ಕೇಳಿದರು, "ಈ ಹೆಸರಿಗೆ ಟಿಕ್ ಇಲ್ಲಲ್ಲ ಬಾಯಾರ?"

"ಅದಿನ್ನೂ ಆಗಿಲ್ರಿ..." ದಯಾಮಣಿಬಾಯಿ ಫಕೀರೇಶನನ್ನು ನೋಡಿ ನಕ್ಕರು. "ಆಕ್ಕೈತಿ."

ಸಾಹೇಬರು ನೋಟ್‌ಬುಕ್ ಮುಚ್ಚಿ, ಎರಡೂ ಕೈಯಿಂದ ಅವರಿಗೆ ಕೊಟ್ಟರು. ಫಕೀರೇಶ ತನ್ನ ದೂರಿನ ಹಾಳೆಯನ್ನು ತಾನೇ ಹರಿದ.

ಹೊರಗೆ ಮೆಟ್ಟಿಲು ಇಳಿಯುವಾಗ ದಯಾಮಣಿಬಾಯಿಯ ಕಾಲು ತಡವರಿಸಿತು. ನೀಲವ್ವ ಗಾಬರಿಯಾಗಿ, "ಯವ್ವಾ, ಏನಾರ ಉಂಡೀರಿಲ್ಲ?" ಎಂದು ಕೇಳಿದರು.

"ಇವತ್ತ ಶುಕ್ರವಾರ ಅಲ್ಲ? ನಿನ್ನೆ ರಾತ್ರಿ ಉಂಡದ್ದು" ಎಂದು ನಾನೇ ಹೇಳಿದೆ.

ಹಿಂದೆ ನಿಂತಿದ್ದ ಫಕೀರೇಶ ಅದನ್ನು ಕೇಳಿಸಿಕೊಂಡ. ರಸ್ತೆ ದಾಟಿ ಎದುರಿನ ಖಾನಾವಳಿಗೆ ಹೋದ.

ನಮ್ಮ ಮೇಲೆ ಏರಿ ಬಂದವನ ಮಾನ ಕಾಯುವುದೂ ಒಂದು ಪ್ರಾರ್ಥನೆಯೇ ಎಂದು ಅವತ್ತು ಕಲಿತೆ.

ನಿಮ್ಮನ್ನು ನೋಯಿಸಿದವರ ಗುಟ್ಟೊಂದು ನಿಮ್ಮ ಕೈಯಲ್ಲಿದ್ದರೆ... ನೀವು ಏನು ಮಾಡುತ್ತಿದ್ದಿರಿ?

ಫಕೀರೇಶ ಬೇಗನೆ ಮರಳಿ ಬಂದ. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಒಂದು ಪೊಟ್ಟಣ ಮೊಸರು... ಮುಖ ಎತ್ತಲಿಲ್ಲ. ದಯಾಮಣಿಬಾಯಿಯ ಮುಂದೆ ಬಾಗಿ, ಊಟವನ್ನು ಅವರ ಕೈಗಿಟ್ಟ.