ತೊಳೆದಿಟ್ಟ ಹೆಸರುಗಳು

ಸ್ಟೀಲ್ ಲೋಟದಲ್ಲಿ ಗಿಡಗಳ ಹೆಸರು ಬರೆದ ಹನ್ನೆರಡು ಪ್ಲಾಸ್ಟಿಕ್ ಚೀಟಿಗಳು ಫಳಫಳ ಹೊಳೆಯುತ್ತಿದ್ದವು. "ಹಬ್ಬಕ್ಕಂತ ಕುಂಡ ಎಲ್ಲಾ ತೊಳದೀನ್ರಿ ಆಪಾ. ಚೀಟಿನೂ ಕಿತ್ತು ತೊಳದಿಟ್ಟೀನಿ, ಒಂದೂ ಕಳದಿಲ್ಲ," ಎಂದಳು ಜಯದೇವಿ, ಹೆಮ್ಮೆಯಿಂದ.

ಗೌಸಿಯಾ ಲೋಟದೊಳಗೆ ಬೆರಳು ಹಾಕಿ ಒಂದನ್ನು ತೆಗೆದಳು. ತೀರಿಹೋದ ಗಂಡ ಗುಫ್ರಾನನ ಪೆನ್ಸಿಲ್ ಅಕ್ಷರ: ‘ಗೌಸಿಯಾ’. ಎರಡು ಆರ್ಕಿಡ್ ಕೂಡಿಸಿ ಅವನು ಹುಟ್ಟಿಸಿದ ತಳಿಗೆ ಅವಳದೇ ಹೆಸರು. ಕಲಬುರಗಿಯ ಮನೆಯಲ್ಲಿದ್ದ ಗಿಡ ಕೊಳೆತುಹೋಗಿತ್ತು. ಉಳಿದದ್ದು ಕಮಲಾಪುರದಲ್ಲಿ ಜಯದೇವಿಯ ಈ ಅಂಗಳಕ್ಕೆ ಅವನು ಕೊಟ್ಟಿದ್ದ ಒಂದೇ ಒಂದು. ಅದನ್ನು ಒಯ್ಯಲೆಂದೇ ಬಸ್ ಹತ್ತಿ ಬಂದಿದ್ದಳು. ಎದುರಿಗೆ ಹನ್ನೆರಡು ಕುಂಡ, ಎಲ್ಲದರಲ್ಲೂ ಅದೇ ದಪ್ಪ ಎಲೆ. ಹೂ ಬಿಟ್ಟರೂ ಅಕ್ಕತಂಗಿಯರ ಮುಖದ ಹಾಗೆ. ಗುರುತು ಹಿಡಿಯುತ್ತಿದ್ದವನು ಅವನೊಬ್ಬನೇ.

"ಯಾವುದಕ್ಕರ ಚುಚ್ಚಿ ಒಯ್ರಿ ಆಪಾ, ಯಾರಿಗಿ ತಿಳೀತದ?" ಜಯದೇವಿ ತಾನೇ ಚೀಟಿ ಇಸಿದುಕೊಂಡು ಎಲ್ಲಕ್ಕಿಂತ ಹುಲುಸಾದ ಗಿಡದ ಬುಡಕ್ಕೆ ಸಿಕ್ಕಿಸಿದಳು.

ಸುಳ್ಳು ಚೀಟಿ ಹಚ್ಚಿದ್ರ ಖರೇ ಗಿಡ ಮತ್ತೆಂದೂ ಸಿಗಂಗಿಲ್ಲ, ಅನ್ನುತ್ತಿದ್ದ ಗುಫ್ರಾನ್. ಗೌಸಿಯಾ ಚೀಟಿ ಕಿತ್ತು ಲೋಟಕ್ಕೆ ಹಾಕಿದಳು. ಅಳು ಬರಲಿಲ್ಲ, ಏನೂ ಬರಲಿಲ್ಲ. "ಒಂದು ತಂಬಿಗಿ ನೀರು ಕೊಡವ್ವಾ," ಎಂದಳು. ಕುಡಿಯಲೆಂದು ಜಯದೇವಿ ತಂದುಕೊಟ್ಟ ನೀರನ್ನು, ಒಂದನ್ನೂ ಬಿಡದೆ, ಹನ್ನೆರಡೂ ಕುಂಡಗಳಿಗೆ ಗುಟುಕು ಗುಟುಕಾಗಿ ಹಾಕುತ್ತ ಹೋದಳು.