ಗೋಡೆ ಹೊತ್ತ ಇಟ್ಟಿಗೆ

"ಹದಿಮೂರರ ಸ್ಪ್ಯಾನರ್ ಕೊಡೇ," ಎಂದು ಸತುರ್ನಿನೊ ಹಳೇ ವ್ಯಾನಿನ ಅಡಿಯಿಂದ ಕೈ ಚಾಚಿದ. ಕೊಡಲು ಬಗ್ಗಿದ ಹೆಂಡತಿ ಬಾಸಿಲಿಯಾ ಹಾಗೇ ನಿಂತಳು. ಅವನು ವ್ಯಾನಿಗೆ ಆನಿಕೆ ಕೊಟ್ಟಿದ್ದು ಮನೆ ಕಟ್ಟಿ ಉಳಿದಿದ್ದ, ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ. ಅದರಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು.

"ಮುದುಕಾ, ಹೊರಗೆ ಬಾ."

"ಗೋಡೆ ಹೊತ್ತ ಇಟ್ಟಿಗೆ ವ್ಯಾನು ಹೊರಲ್ವೇನೇ, ಪುಕ್ಕಲಿ!"

ಬಿಚ್ಚಿಟ್ಟಿದ್ದ ಚಕ್ರವನ್ನು ಕಾಲಿನಿಂದ ವ್ಯಾನಿನಡಿಗೆ ತಳ್ಳಿದಳು. ತಳ್ಳಿದ್ದೇ ತಡ, ಇಟ್ಟಿಗೆ ಪುಡಿಯಾಗಿ ವ್ಯಾನು ಕುಸಿಯಿತು. ಧೂಳಿನಲ್ಲಿ ಚಾಚಿದ ಆ ಕೈ ಮಾತ್ರ ಕಂಡಿತು, ಅದು ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬೆರಳುಗಳು ಮಡಚಿಕೊಂಡವು.

"ಚಕ್ರದ ಮೇಲೆ ನಿಂತಿದೆ ಕಣೇ. ಎಳಿ ನನ್ನ."

ಹೊರಬಂದವನು ಎಣ್ಣೆಗೈಯಲ್ಲೇ ವ್ಯಾನಿನ ಬಾಗಿಲು ತೆಗೆದು ಒಂದು ಲಕೋಟೆ ಎತ್ತಿಕೊಂಡ. ತಾನೇ ಮನೆಯಿಂದ ಅಟ್ಟಿದ್ದ ಮಗಳು ನೆಲಿದಾಳಿಗೆ, ತಪ್ಪು ನನ್ನದು ಎಂದು ಬರೆದು, ಮೂರು ವರ್ಷದಿಂದ ಕಳಿಸದೆ ಇಟ್ಟಿದ್ದ ಕಾಗದ. ಬೀದಿಯ ಮೂಲೆಯಲ್ಲಿ ಅವಳಿರುವ ಒರುರೊ ಊರಿಗೆ ಹೋಗುವ ಬಸ್ಸು ನಿಂತಿತ್ತು. ಓಡಿಹೋಗಿ ಡ್ರೈವರನ ಕೈಗಿಟ್ಟ.

"ಎಲ್ಲಾ ಎಣ್ಣೆ ಮೆತ್ತಿದೆ ತಾತ! ಬೇರೆ ಕವರಿಗೆ ಹಾಕ್ಕೊಡು, ನಾಳೆ ಒಯ್ತೀನಿ."

"ನಾಳೆ ಬೇಡಪ್ಪಾ," ಎಂದ ಸತುರ್ನಿನೊ. "ಹಾಗೇ ತಗೊಂಡು ಹೊರಡು."