ಚುಕ್ಕೆ ಇಲ್ಲದ ತಟ್ಟೆ

ತಂಗಿ ಲ್ಯಾಬಿನ ಸಿಂಕಿನಲ್ಲಿ ಗಾಜಿನ ತಟ್ಟೆಗಳನ್ನು ತೊಳೆಯುತ್ತಿದ್ದಳು. ಸೋಪು ಹಾಕಿ ಉಜ್ಜಿ, ನಲ್ಲಿಯ ಕೆಳಗೆ ಜಾಲಿಸಿ, ಬಟ್ಟಿ ಇಳಿಸಿದ ನೀರಲ್ಲಿ ಮತ್ತೆ ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕುತ್ತಿದ್ದಳು. ಸೋಪಿನ ಬಾಟಲಿ ಮತ್ತೆ ಹಗುರವಾಗಿತ್ತು. ಯಾರೋ ಕೈ ತೊಳೆದುಕೊಂಡಿರಬೇಕು ಅಂದುಕೊಂಡಳು.

ಬೆನ್ನ ಹಿಂದೆ ಕನ್ನಡಕದವನು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿದ.

“ಮತ್ತೆ ಸತ್ತಿವೆ.”

ಪ್ರಯೋಗ ಅವನದು. ಹಸುವಿನ ಭ್ರೂಣಗಳನ್ನು ಎರಡು ತಟ್ಟೆಗಳಲ್ಲಿ ಬೆಳೆಸಬೇಕು. ಕೆಂಪು ಚುಕ್ಕೆಯ ತಟ್ಟೆಗೆ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನು ಬೆರೆಸಿದ ದ್ರವ, ಚುಕ್ಕೆ ಇಲ್ಲದ್ದಕ್ಕೆ ಬರಿಯ ದ್ರವ. ತಾಯಿಯ ಹೊಟ್ಟೆಯಲ್ಲಿ ತಾನಾಗಿ ಸಿಗುವ ಆ ಪ್ರೋಟೀನು ಇಲ್ಲೂ ಸಿಕ್ಕರೆ, ಹೆಚ್ಚು ಭ್ರೂಣಗಳು ವಾರದೊಳಗೆ ಗುಳ್ಳೆಯಂತೆ ಉಬ್ಬಬೇಕು. ಆದರೆ ಪ್ರತಿ ಸಲವೂ ಬರಿಯ ದ್ರವದಲ್ಲಿ ಅಷ್ಟಿಷ್ಟು ಉಬ್ಬುತ್ತಿದ್ದವು. ಚುಕ್ಕೆಯ ತಟ್ಟೆಯಲ್ಲಿ ಎಲ್ಲವೂ ಕಪ್ಪಾಗಿ ಮುದುಡುತ್ತಿದ್ದವು.

“ಸೋಪು,” ಎಂದ ಕನ್ನಡಕದವನು. “ಅದೂ ಚುಕ್ಕೆಯ ತಟ್ಟೆಗೆ ಮಾತ್ರ. ಅಕ್ಕನ ಕೆಲಸ ಉಳಿಸೋಕೆ ಒಳ್ಳೆ ದಾರಿ ಕಣಮ್ಮ.”

ಅವನು ಬರುವ ಮೊದಲು ಭ್ರೂಣ ಬೆಳೆಸುತ್ತಿದ್ದವಳು ಅಕ್ಕ, ಹಸುವಿನ ಗರ್ಭನಾಳದ ಜೀವಕೋಶಗಳನ್ನು ಹಾಸಿಗೆಯಂತೆ ಹಾಸಿ. ಫ್ಯಾಕ್ಟರ್ ಗೆದ್ದರೆ ಆ ಹಾಸಿಗೆ ಸುತ್ತಿಡಬೇಕಿತ್ತು. ಇದು ಇಡೀ ಲ್ಯಾಬಿಗೆ ಗೊತ್ತು. ಇಬ್ಬರಲ್ಲಿ ಒಬ್ಬಳೇ ಓದಬಹುದು ಎಂದಾದಾಗ ತಂಗಿಯೇ ಶಾಲೆ ಬಿಟ್ಟಳೆಂಬುದೂ ಗೊತ್ತು. ಅಕ್ಕನಿಗಾಗಿ ಅವಳು ಏನು ಮಾಡಲಿಕ್ಕೂ ಹೇಸುವುದಿಲ್ಲ ಎಂದು ಲೆಕ್ಕ ಹಾಕಲು ಕನ್ನಡಕ ಬೇಕಿರಲಿಲ್ಲ.

ಪಕ್ಕದ ಮೇಜಿನಿಂದ ಅಕ್ಕ ಹೇಳಿದಳು, “ನನ್ನ ತಂಗಿ ತೊಳೆದ ತಟ್ಟೇಲಿ ನೀವು ಮುಖ ನೋಡ್ಕೋಬಹುದು. ಆಮೇಲೆ ಬೇಜಾರಾದ್ರೆ ನಾವು ಹೊಣೆ ಅಲ್ಲ.”

ದೂರು ಕೇಳಿ ಬಂದಿದ್ದ ಲ್ಯಾಬಿನ ಮುಖ್ಯಸ್ಥರು ನಗಲಿಲ್ಲ. ಇನ್ನೊಂದು ಸಲ ಹೀಗಾದರೆ ತಂಗಿ ಕೆಲಸಕ್ಕೆ ಬರಬೇಕಾಗಿಲ್ಲ ಎಂದರು.

ಮುಂದಿನ ಸಲ ದ್ರವವನ್ನು ಅವರೇ ಹಾಕಿದರು. ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಹೊರಮೈ ಒರೆಸುತ್ತಿದ್ದ ತಂಗಿಗೆ, ಹೋಗುತ್ತ ಹೋಗುತ್ತ ಒಂದು ಮಾತು ಹೇಳಿದರು: ಈ ಸಲ ಗುರುತು ಅದಲುಬದಲು, ಫ್ಯಾಕ್ಟರ್ ಚುಕ್ಕೆ ಇಲ್ಲದ್ದರಲ್ಲಿದೆ, ಜೋಪಾನ. ತಂಗಿ ತಲೆಯಾಡಿಸಿದಳು.

ಮನೆಯ ದಾರಿಯಲ್ಲಿ ಅಕ್ಕನಿಗೆ ದಿನದ ವರದಿ ಒಪ್ಪಿಸುವುದು ಅವಳ ಚಿಕ್ಕಂದಿನ ರೂಢಿ. ಬಟ್ಟಿ ಯಂತ್ರ ಸೋರುತ್ತಿದೆ, ಸರ್ ಚುಕ್ಕೆ ಅದಲುಬದಲು ಮಾಡಿದ್ದಾರೆ, ಕನ್ನಡಕದವನು ಬಿಸ್ಕತ್ತಿನ ಡಬ್ಬಕ್ಕೂ ಬೀಗ ಹಾಕಿದ. ಅಕ್ಕ ಬಿಸ್ಕತ್ತಿನ ಮಾತಿಗೆ ನಕ್ಕಳು. ಆಮೇಲೆ ತಂಗಿಯ ಹೆಗಲ ಮೇಲೆ ಕೈ ಹಾಕಿದಳು. “ಹೆದರ್ಬೇಡ. ನಾನಿದ್ದೀನಲ್ಲ.”

ಅಕ್ಕ ಎಂದಿನಂತೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಇನ್‌ಕ್ಯುಬೇಟರಿನ ಬಿಸಿ ನೋಡುತ್ತಿದ್ದಳು. ವಾರ ಕಳೆಯಿತು.

ತಟ್ಟೆಗಳನ್ನು ಹೊರತೆಗೆದಾಗ ನಾಲ್ವರೂ ಮೇಜಿನ ಸುತ್ತ ನಿಂತಿದ್ದರು. ಕನ್ನಡಕದವನು ಚುಕ್ಕೆಯ ತಟ್ಟೆ ನೋಡಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕ. “ಉಬ್ಬಿವೆ ಸರ್. ಗೆದ್ವಿ.”

“ಅದು ಬರೀ ದ್ರವ,” ಎಂದರು ಮುಖ್ಯಸ್ಥರು. ಚುಕ್ಕೆ ಇಲ್ಲದ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಅದರಲ್ಲಿ ಎಲ್ಲವೂ ಕಪ್ಪಾಗಿ ಮುದುಡಿದ್ದವು. “ನಿಮ್ಮ ಫ್ಯಾಕ್ಟರ್ ಇದ್ದದ್ದು ಇದರಲ್ಲಿ. ಇದೇ ದ್ರವದ ಇನ್ನೊಂದು ತಟ್ಟೆ ನನ್ನ ಕೋಣೆಯ ಇನ್‌ಕ್ಯುಬೇಟರಲ್ಲಿ ಇಟ್ಟಿದ್ದೆ. ಅಲ್ಲಿ ಆ ಚುಕ್ಕೆಯ ತಟ್ಟೆಗಿಂತ ಚೆನ್ನಾಗಿ ಬೆಳೆದಿವೆ. ಮೂರೂ ಹೊಸ ತಟ್ಟೆ, ಯಾರೂ ತೊಳೆದದ್ದಲ್ಲ.”

ಅವರು ತಂಗಿಯ ಕಡೆ ತಿರುಗಿದರು.

“ಗುರುತು ಬದಲಾಯಿಸಿದ್ದನ್ನ ನಾನು ಹೇಳಿದ್ದು ನಿನಗೊಬ್ಬಳಿಗೇ.”

ತಂಗಿ ಅವರನ್ನು ನೋಡಲಿಲ್ಲ. ಅಕ್ಕನನ್ನು ನೋಡಿದಳು.

“ಅಕ್ಕ, ಅವತ್ತು ದಾರೀಲಿ ನಾನು ನಿಂಗೆ ಹೇಳಿದ್ದೆ ಅಂತ ಸರ್‌ಗೆ ಹೇಳು.”

ಅಕ್ಕ ಸಿಂಕಿನ ಕಡೆ ತಿರುಗಿ, ಸೋಪಿನ ಬಾಟಲಿ ಬಗ್ಗಿಸಿ, ಕೈ ತೊಳೆಯತೊಡಗಿದಳು.